ನೀರು ಕಡಿಮೆಯಾದರೆ ಆದಾಯವೂ ಅಷ್ಟೇ ಕಡಿಮೆಯಾಗುತ್ತಾ? ಮರ್ರೆ-ಡಾರ್ಲಿಂಗ್ ಕೊಳ್ಳದ ಲೆಕ್ಕ

ಪ್ರಶ್ನೆ: ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿ ಕೊಳ್ಳದಲ್ಲಿ ಸರ್ಕಾರ ನೀರಾವರಿಗೆ ಮಿತಿ ಹಾಕಿ, ರೈತರಿಂದ ನೀರಿನ ಹಕ್ಕನ್ನೇ ಕೊಂಡು ನದಿಗೆ ಬಿಡುತ್ತಿದೆ ಎಂದು ಓದಿದೆ. 'ಇದರಿಂದ ಊರಿಗೆ ಊರೇ ಹಾಳಾಯಿತು' ಎಂದು ಕೆಲವರು ಹೇಳುತ್ತಾರೆ. 'ಆರ್ಥಿಕತೆಗೆ ಅಂಥದ್ದೇನೂ ಆಗಿಲ್ಲ' ಎಂದು ಇನ್ನು ಕೆಲವರು ಅಂಕಿಅಂಶ ತೋರಿಸುತ್ತಾರೆ. ಯಾರನ್ನು ನಂಬಬೇಕು? ನೀರು ಶೇ 20ರಷ್ಟು ಕಡಿಮೆಯಾದರೆ ಆದಾಯವೂ ಶೇ 20ರಷ್ಟು ಕಡಿಮೆ ಆಗಲೇಬೇಕಲ್ವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ಆಗಬೇಕಿಲ್ಲ. ಸಾಮಾನ್ಯವಾಗಿ ಆಗುವುದೂ ಇಲ್ಲ. ಹಾಗಂತ ಊರು ಹಾಳಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಒಂದು ಊರಿನ ಲೆಕ್ಕ ಹೇಳುತ್ತಿದ್ದಾರೆ. ಅಂಕಿಅಂಶ ತೋರಿಸುವವರು ಇಡೀ ಕೊಳ್ಳದ ಲೆಕ್ಕ ಹೇಳುತ್ತಿದ್ದಾರೆ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ವಿಷಯ ಅರ್ಥವಾಗುವುದು.

ಮೊದಲು ಸ್ವಲ್ಪ ಹಿನ್ನೆಲೆ. ಈ ಕೊಳ್ಳದ ವಿಸ್ತೀರ್ಣ 10 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ. ಅಂದರೆ ಆಸ್ಟ್ರೇಲಿಯಾದ ಏಳನೇ ಒಂದು ಭಾಗ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ, ಈ ನಾಲ್ಕು ರಾಜ್ಯಗಳಿಗೆ ಇದರಲ್ಲಿ ಪಾಲಿದೆ. ರಾಜಧಾನಿ ಕ್ಯಾನ್‌ಬೆರಾ ಇರುವ ಪ್ರದೇಶವೂ ಇದರೊಳಗೇ ಬರುತ್ತದೆ. ಇಪ್ಪತ್ತನೇ ಶತಮಾನದುದ್ದಕ್ಕೂ ಅಣೆಕಟ್ಟು, ನಾಲೆ, ಪಂಪು ಹೆಚ್ಚುತ್ತಲೇ ಹೋದವು. 1981ರಲ್ಲಿ ಮರ್ರೆ ನದಿಯ ಅಳಿವೆ ಮರಳು ತುಂಬಿ ಮುಚ್ಚಿಹೋಯಿತು. 1991ರಲ್ಲಿ ಡಾರ್ಲಿಂಗ್ ನದಿಯಲ್ಲಿ ಸಾವಿರ ಕಿಲೋಮೀಟರ್ ಉದ್ದಕ್ಕೂ ವಿಷದ ಪಾಚಿ ಹಬ್ಬಿತು. ಆಮೇಲೆ ರಾಜ್ಯಗಳು ಎಚ್ಚೆತ್ತುಕೊಂಡವು. 1995ರಲ್ಲಿ ಮೊದಲ ಮಿತಿ ಬಂತು: 1993-94ರಲ್ಲಿ ಎಷ್ಟು ನೀರು ಎತ್ತುವ ವ್ಯವಸ್ಥೆ ಇತ್ತೋ ಅಷ್ಟಕ್ಕೇ ನಿಲ್ಲಿಸಿ ಎಂದು. ಅದು ಬಳಕೆ ಬೆಳೆಯದಂತೆ ತಡೆಯಿತು, ಇಳಿಸಲಿಲ್ಲ.

ಇಳಿಸುವ ಕೆಲಸ ಶುರುವಾದದ್ದು 2007ರ ಜಲ ಕಾಯ್ದೆ ಮತ್ತು 2012ರ ಕೊಳ್ಳ ಯೋಜನೆಯಿಂದ. ಆಗ ವರ್ಷಕ್ಕೆ ಸರಾಸರಿ 13,623 ಗಿಗಾಲೀಟರ್ ಬಳಕೆ ಇತ್ತು (ಒಂದು ಗಿಗಾಲೀಟರ್ ಅಂದರೆ 100 ಕೋಟಿ ಲೀಟರ್). ಅದನ್ನು 10,873ಕ್ಕೆ ತರಬೇಕು ಎಂದು ತೀರ್ಮಾನವಾಯಿತು. ಕಡಿತ 2,750 ಗಿಗಾಲೀಟರ್. ನಮಗೆ ರೂಢಿಯಿರುವ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 97 ಟಿಎಂಸಿ. ನೀವು ಕೇಳಿದ ಶೇ 20 ಇದೇ. ಇದು ಸುಮ್ನೆ ಆಗಲಿಲ್ಲ. 2010ರಲ್ಲಿ ಯೋಜನೆಯ ಮೊದಲ ಕರಡು ಹೊರಬಂದಾಗ, ನೀರಾವರಿ ಪಟ್ಟಣವಾದ ಗ್ರಿಫಿತ್‌ನಲ್ಲಿ ಜನ ಅದರ ಪ್ರತಿಗಳನ್ನು ಬೀದಿಯಲ್ಲಿ ಸುಟ್ಟರು. ಅವರ ಸಿಟ್ಟಿಗೆ ಕಾರಣ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ನೀರು ಕಡಿಮೆಯಾದರೆ ಏನಾಗುತ್ತದೆ ಎಂದು ತಿಳಿಯಲು ಈ ಕೊಳ್ಳದಲ್ಲಿ ಒಂದು ದೊಡ್ಡ ಪರೀಕ್ಷೆಯೇ ನಡೆದುಹೋಗಿದೆ. ಯಾರೂ ಬೇಕೆಂದು ಮಾಡಿದ್ದಲ್ಲ, ಬರಗಾಲ ಮಾಡಿದ್ದು. 1990ರ ದಶಕದ ಕೊನೆಯಿಂದ 2009ರವರೆಗೆ ಅಲ್ಲಿ ಭೀಕರ ಬರ. 2000-01ಕ್ಕೆ ಹೋಲಿಸಿದರೆ 2007-08ರಲ್ಲಿ ನೀರಾವರಿಗೆ ಸಿಕ್ಕ ನೀರು ಮೂರನೇ ಒಂದು ಭಾಗಕ್ಕೂ ಕಡಿಮೆ. ಹಾಗಾದರೆ ನೀರಾವರಿ ಬೆಳೆಗಳ ಒಟ್ಟು ಮೌಲ್ಯವೂ ಮೂರನೇ ಒಂದಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಬೆಲೆ ಏರಿಕೆಯ ಪ್ರಭಾವ ಕಳೆದು ನೋಡಿದರೂ ಇಳಿದದ್ದು ಸುಮಾರು ಐದನೇ ಒಂದು ಭಾಗ ಮಾತ್ರ. ನೀರಾವರಿ ಅರ್ಥಶಾಸ್ತ್ರ ಓದುವವರಿಗೆಲ್ಲ ನಾನು ಮೊದಲು ತೋರಿಸುವ ಲೆಕ್ಕ ಇದು. ಮೊದಲ ಸಲ ನೋಡಿದಾಗ ನನಗೂ ನಂಬಲು ಕಷ್ಟವಾಗಿತ್ತು.

ಯಾಕೆ ಹೀಗೆ? ಒಂದು ತೋಟವನ್ನು ಹತ್ತಿರದಿಂದ ನೋಡೋಣ. ಅಂಕಿಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ಆದರೆ ತರ್ಕ ನಿಜವಾದದ್ದೇ. ಒಬ್ಬ ರೈತನಿಗೆ 1,000 ಮೆಗಾಲೀಟರ್ ನೀರಿದೆ ಅಂದುಕೊಳ್ಳಿ. ಒಂದು ಮೆಗಾಲೀಟರ್ ಅಂದರೆ 10 ಲಕ್ಷ ಲೀಟರ್. ಅವನು 200 ಮೆಗಾಲೀಟರನ್ನು ದ್ರಾಕ್ಷಿಗೆ ಹಾಕುತ್ತಾನೆ. ಅದರಲ್ಲಿ ಒಂದೊಂದು ಮೆಗಾಲೀಟರಿಗೆ 900 ಡಾಲರ್ ಉಳಿಯುತ್ತದೆ. 300 ಮೆಗಾಲೀಟರನ್ನು ಹಸುಗಳ ಹುಲ್ಲಿಗೆ ಹಾಕುತ್ತಾನೆ, 300 ಡಾಲರಿನಂತೆ ಉಳಿಯುತ್ತದೆ. ಉಳಿದ 500 ಭತ್ತಕ್ಕೆ, 150 ಡಾಲರಿನಂತೆ. ಎಲ್ಲ ಕೂಡಿದರೆ 3,45,000 ಡಾಲರ್. ಈಗ ನೀರಿನಲ್ಲಿ ಶೇ 20 ಕಡಿತ, 200 ಮೆಗಾಲೀಟರ್ ಹೋಯಿತು. ಅವನು ದ್ರಾಕ್ಷಿ ಬಳ್ಳಿಯನ್ನು ಒಣಗಿಸುತ್ತಾನಾ? ಇಲ್ಲ. ಭತ್ತದ ಗದ್ದೆಯಲ್ಲಿ ಒಂದಷ್ಟು ಬೀಳು ಬಿಡುತ್ತಾನೆ. ನಷ್ಟ 30,000 ಡಾಲರ್. ಶೇ 9ಕ್ಕೂ ಕಡಿಮೆ. ನೀರು ಅರ್ಧಕ್ಕರ್ಧ ಹೋದರೂ ಭತ್ತ ಪೂರ್ತಿ ನಿಂತು, ಆದಾಯ ಇಳಿಯುವುದು ಶೇ 22ರಷ್ಟು. ಕೈಗೆ ಸಿಗದೆ ಹೋಗುವ ನೀರು ಯಾವಾಗಲೂ ಅತಿ ಕಡಿಮೆ ಲಾಭದ ಕೆಲಸದಲ್ಲಿದ್ದ ನೀರು. ಸರಾಸರಿ ಹಿಡಿದು ಲೆಕ್ಕ ಹಾಕುವವರು ತಪ್ಪುವುದು ಇಲ್ಲೇ.

ಒಬ್ಬನೇ ರೈತ ಇಷ್ಟೆಲ್ಲ ಬೆಳೆ ಬೆಳೆಯುವುದು ಅಪರೂಪ, ಅದು ನಿಜ. ಆದರೆ ಅಲ್ಲಿ ಇಡೀ ಕೊಳ್ಳವೇ ಒಂದು ತೋಟದ ಹಾಗೆ ನಡೆಯಿತು. ಯಾಕಂದರೆ ನೀರಿನ ಹಕ್ಕನ್ನು ಜಮೀನಿನಿಂದ ಬೇರೆ ಮಾಡಿ ಮಾರಬಹುದು. ಒಂದು ವರ್ಷದ ನೀರನ್ನು ಮಾತ್ರ ಮಾರಬಹುದು, ಹಕ್ಕನ್ನೇ ಶಾಶ್ವತವಾಗಿಯೂ ಮಾರಬಹುದು. ಒಳ್ಳೆಯ ಮಳೆಯ ವರ್ಷಗಳಲ್ಲಿ ಒಂದು ಮೆಗಾಲೀಟರಿಗೆ ನೂರು ಡಾಲರಿಗೂ ಕಡಿಮೆ ಇದ್ದ ಬೆಲೆ, 2007-08ರಲ್ಲಿ 1,000 ಡಾಲರ್ ಮುಟ್ಟಿತು. ಆ ಬೆಲೆಗೆ ಭತ್ತ ಬೆಳೆಯುವುದರಲ್ಲಿ ಅರ್ಥವೇ ಇರಲಿಲ್ಲ. ಭತ್ತದ ರೈತರು ತಮಗೆ ಸಿಕ್ಕಷ್ಟು ನೀರನ್ನು ಕೆಳಗಿನ ದ್ರಾಕ್ಷಿ, ಬಾದಾಮಿ, ಕಿತ್ತಳೆ ತೋಟದವರಿಗೆ ಮಾರಿದರು. ಹೈನುಗಾರರು ಹುಲ್ಲಿಗೆ ನೀರು ಹಾಯಿಸುವುದು ಬಿಟ್ಟು, ನೀರು ಮಾರಿ, ಆ ದುಡ್ಡಿನಲ್ಲಿ ಒಣಮೇವು ಕೊಂಡರು. ಮರಗಳು ಉಳಿದವು. ಒಂದು ತೋಟದ ಮರ ಒಣಗಿದರೆ ಮತ್ತೆ ಫಸಲು ಕಾಣಲು ಎಷ್ಟೋ ವರ್ಷ ಬೇಕು, ಹಾಗಾಗಿ ಇದು ದೊಡ್ಡ ವಿಷಯ.

ಎಲ್ಲರ ಹಕ್ಕೂ ಒಂದೇ ರೀತಿ ಇರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಬೇಕು. ತೋಟದವರ ಬಳಿ ಹೆಚ್ಚು ಭದ್ರತೆಯ ಹಕ್ಕು ಇರುತ್ತದೆ, ಬರದಲ್ಲೂ ಬಹುಪಾಲು ನೀರು ಸಿಗುತ್ತದೆ. ಭತ್ತದವರ ಬಳಿ ಸಾಮಾನ್ಯ ಭದ್ರತೆಯ ಹಕ್ಕು. ಅಣೆಕಟ್ಟಿನಲ್ಲಿ ಮಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನ್ಯೂ ಸೌತ್ ವೇಲ್ಸ್‌ನ ಮರ್ರೆ ಭಾಗದಲ್ಲಿ 2006-07 ಮತ್ತು 2007-08ರಲ್ಲಿ ಸಾಮಾನ್ಯ ಹಕ್ಕಿನವರಿಗೆ ಆ ವರ್ಷದ ಹಂಚಿಕೆ ಸೊನ್ನೆ. ಹಿಂದಿನ ವರ್ಷದ ನೀರು ಉಳಿಸಿಕೊಂಡಿದ್ದವರ ಬಳಿ ಮಾತ್ರ ಮಾರಲು ಏನಾದರೂ ಇತ್ತು. 'ನೀರು ಮಾರಿ ಬದುಕಿಕೊಂಡರು' ಎನ್ನುವ ಮಾತು ಎಲ್ಲ ರೈತರಿಗೂ ಅನ್ವಯಿಸುವುದಿಲ್ಲ.

ಈಗ ಊರಿನ ಲೆಕ್ಕಕ್ಕೆ ಬರೋಣ.

ನ್ಯೂ ಸೌತ್ ವೇಲ್ಸ್‌ನ ದಕ್ಷಿಣದಲ್ಲಿ ಡೆನಿಲಿಕ್ವಿನ್ ಎಂಬ ಪಟ್ಟಣ ಇದೆ. ಸುಮಾರು ಏಳು ಸಾವಿರ ಜನ. ಅಲ್ಲಿನ ಅಕ್ಕಿ ಗಿರಣಿ ದಕ್ಷಿಣ ಗೋಳಾರ್ಧದಲ್ಲೇ ಅತಿ ದೊಡ್ಡದು ಎಂದು ಹೆಸರಾಗಿತ್ತು. 2000-01ರಲ್ಲಿ ಆಸ್ಟ್ರೇಲಿಯಾ 16 ಲಕ್ಷ ಟನ್‌ಗೂ ಹೆಚ್ಚು ಭತ್ತ ಬೆಳೆದಿತ್ತು. 2007-08ರಲ್ಲಿ ಬಂದ ಬೆಳೆ 20 ಸಾವಿರ ಟನ್‌ಗೂ ಕಡಿಮೆ. ಗಿರಣಿಗೆ ಬೀಗ ಬಿತ್ತು. ಮಳೆ ಬಂದ ಮೇಲೆ ಮತ್ತೆ ತೆರೆಯಿತು, ಅದು ಬೇರೆ ಮಾತು.

ಭತ್ತ ಬೆಳೆಯದಿದ್ದಾಗ ಯಾರ ಕೆಲಸ ಹೋಗುತ್ತದೆ ಎಂದು ಒಂದೊಂದಾಗಿ ಯೋಚಿಸಿ. ಅಲ್ಲಿ ಬಿತ್ತನೆ ಬೀಜವನ್ನು ಸಣ್ಣ ವಿಮಾನದಿಂದ ಗದ್ದೆಗೆ ಚೆಲ್ಲುವ ಪದ್ಧತಿ ಇದೆ. ಆ ಪೈಲಟ್‌ಗೆ ಕೆಲಸ ಇಲ್ಲ. ಗದ್ದೆ ಸಮತಟ್ಟು ಮಾಡುವ ಯಂತ್ರದವನಿಗೆ ಇಲ್ಲ. ಕೊಯ್ಲಿನ ಯಂತ್ರ ಓಡಿಸುವವನಿಗೆ ಇಲ್ಲ. ಲಾರಿಯವನಿಗೆ ಇಲ್ಲ. ಗಿರಣಿಯ ಕೆಲಸಗಾರರಿಗೆ ಇಲ್ಲ. ಗೊಬ್ಬರದಂಗಡಿ, ಟೈರ್ ಅಂಗಡಿ, ಡೀಸೆಲ್ ಬಂಕು ಎಲ್ಲಕ್ಕೂ ಪೆಟ್ಟು. ಇವರ ಮಕ್ಕಳು ಬೇರೆ ಊರಿಗೆ ಹೋದರೆ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಕಡಿಮೆ. ಇವರಲ್ಲಿ ಒಬ್ಬರ ಬಳಿಯೂ ನೀರಿನ ಹಕ್ಕು ಇರಲಿಲ್ಲ. ಹಾಗಾಗಿ ಯಾರೂ ಇವರ ಬಳಿ ಬಂದು 'ನಿನ್ನ ಪಾಲು ಎಷ್ಟಕ್ಕೆ ಕೊಡ್ತೀಯಾ' ಎಂದು ಕೇಳಲಿಲ್ಲ.

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಮಿತಿಯಿಂದ ಆಗುವ ಒಟ್ಟು ನಷ್ಟ ಜನ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಆದರೆ ಆ ನಷ್ಟ ಬೀಳುವುದು ಪರಿಹಾರ ಪಡೆದವರ ಮೇಲಲ್ಲ. ನೀರು ಮಾರಿದ ರೈತನ ಕೈಗೆ ದುಡ್ಡು ಬಂತು. ಅವನು ತನ್ನ ಇಷ್ಟದಿಂದಲೇ ಮಾರಿದ್ದು. ಬಹಳ ಮಂದಿ ಆ ದುಡ್ಡಿನಲ್ಲಿ ಸಾಲ ತೀರಿಸಿದರು. ಹಕ್ಕಿನ ಒಂದು ಭಾಗವನ್ನಷ್ಟೇ ಮಾರಿ ಕೃಷಿ ಮುಂದುವರಿಸಿದವರೂ ಬೇಕಾದಷ್ಟು ಇದ್ದಾರೆ. ಅವನ ಮಟ್ಟಿಗೆ ವ್ಯವಹಾರ ಸರಿಯಾಗಿದೆ. ಆದರೆ ಸಾಲ ತೀರಿಸಿದ ದುಡ್ಡು ದೂರದ ನಗರದ ಬ್ಯಾಂಕಿಗೆ ಹೋಗುತ್ತದೆ, ಊರಿನ ಟೈರ್ ಅಂಗಡಿಗೆ ಬರುವುದಿಲ್ಲ.

ಇಡೀ ಕೊಳ್ಳದ ಲೆಕ್ಕದಲ್ಲಿ ಇದು ಯಾಕೆ ಕಾಣುವುದಿಲ್ಲ? ಕೊಳ್ಳದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಅವರಲ್ಲಿ ಬಹುಪಾಲು ಜನರ ಸಂಬಳ ಆಸ್ಪತ್ರೆ, ಶಾಲೆ, ಅಂಗಡಿ, ಸರ್ಕಾರಿ ಕಚೇರಿಗಳಿಂದ ಬರುತ್ತದೆ. ಯೋಜನೆಗೆ ಮುಂಚೆ ಮಾಡಿದ ಅಂದಾಜುಗಳಲ್ಲೂ, ನೀರಾವರಿ ಉತ್ಪನ್ನದ ಮೌಲ್ಯ ಶೇ 10ಕ್ಕೂ ಹೆಚ್ಚು ಇಳಿಯುತ್ತದೆ, ಆದರೆ ಕೊಳ್ಳದ ಒಟ್ಟು ಉದ್ಯೋಗದಲ್ಲಿ ಆಗುವ ಇಳಿಕೆ ಶೇ 1ಕ್ಕೂ ಬಹಳ ಕಡಿಮೆ ಎಂದೇ ಇತ್ತು. ಆ ಅಂದಾಜು ತಪ್ಪಲ್ಲ. ಆದರೆ ಶೇ 1ಕ್ಕಿಂತ ಕಡಿಮೆ ಎನ್ನುವುದು ಕೊಳ್ಳದ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ. ಮಿಲ್ಡೂರಾ, ಶೆಪರ್ಟನ್‌ನಂಥ ದೊಡ್ಡ ಪಟ್ಟಣಗಳಲ್ಲಿ ಗೊತ್ತೇ ಆಗದೆ ಹೋಗಬಹುದು. ಕೆಲವೇ ನೂರು ಜನರ ಹತ್ತಿ ಬೆಳೆಯುವ ಊರಿನಲ್ಲಿ ಹತ್ತು ಮನೆ ಖಾಲಿಯಾದರೂ ಊರೇ ಖಾಲಿಯಾದಂತೆ.

ಹಾಗೆ ಪೆಟ್ಟು ತಿಂದ ಊರುಗಳ ಹೆಸರೂ ಹೇಳಬಹುದು. ಕ್ವೀನ್ಸ್‌ಲ್ಯಾಂಡಿನ ಡಿರನ್‌ಬಂಡಿ, ನ್ಯೂ ಸೌತ್ ವೇಲ್ಸ್‌ನ ಕೊಲರೆನೆಬ್ರಿ. ಎರಡೂ ಉತ್ತರದ ಹತ್ತಿ ಸೀಮೆಯವು. ಇಂಥ ಊರುಗಳ ಸ್ಥಿತಿ ನೋಡಿಯೇ ಕೊಳ್ಳ ಪ್ರಾಧಿಕಾರ 2016ರಲ್ಲಿ ಉತ್ತರ ಭಾಗದಲ್ಲಿ ನದಿಗೆ ಮರಳಿಸಬೇಕಾದ ನೀರಿನ ಗುರಿಯನ್ನು 390 ಗಿಗಾಲೀಟರಿನಿಂದ 320ಕ್ಕೆ ಇಳಿಸಲು ಶಿಫಾರಸು ಮಾಡಿತು. 2018ರಲ್ಲಿ ಅದು ಜಾರಿಗೂ ಬಂತು. ಸರಾಸರಿಯ ಹಿಂದೆ ಊರುಗಳು ಅಡಗಿಹೋಗಿವೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ ಅದು.

ಆದರೂ ಎಲ್ಲ ತಪ್ಪನ್ನೂ ನೀರಿನ ಮಿತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹತ್ತಿ ಹೊಲದಲ್ಲಿ ಮೊದಲು ಕಳೆ ಕೀಳಲು ಕೂಲಿಯವರ ದಂಡೇ ಬರುತ್ತಿತ್ತು. ಮೂಲನಿವಾಸಿ ಕುಟುಂಬಗಳಿಗೆ ಅದೊಂದು ಮುಖ್ಯ ಸಂಪಾದನೆ. ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ಹತ್ತಿ ಬಂದ ಮೇಲೆ ಆ ಕೆಲಸ ನಿಂತೇ ಹೋಯಿತು. ಹತ್ತಿ ಬಿಡಿಸಿ, ತಾನೇ ಉಂಡೆ ಸುತ್ತುವ ಯಂತ್ರ ಬಂತು. ಒಂದು ತಂಡ ಮಾಡುತ್ತಿದ್ದ ಕೆಲಸ ಒಬ್ಬ ಚಾಲಕನಿಗೆ ಸಾಕಾಯಿತು. ಇದೆಲ್ಲ ಆದದ್ದು ಬರ ಮತ್ತು ನೀರಿನ ಖರೀದಿ ನಡೆದ ಅದೇ ವರ್ಷಗಳಲ್ಲಿ. ಊರಿನವನಿಗೆ ಕಾಣುವುದು ಒಂದೇ: ನೀರು ಹೋಯಿತು, ಕೆಲಸ ಹೋಯಿತು. ಎರಡನ್ನೂ ಬಿಡಿಸಿ ನೋಡುವುದು ನಮ್ಮಂಥವರ ಕೆಲಸ. ಬಿಡಿಸಿ ನೋಡಿದಾಗಲೂ ನೀರಿನ ಪಾಲು ಸೊನ್ನೆ ಅಲ್ಲ.

ಇನ್ನೊಂದು ಸಂಗತಿ ಬಹಳ ಮಂದಿಗೆ ಹೊಳೆಯುವುದಿಲ್ಲ, ನಾಲೆಯ ಖರ್ಚು. ಒಂದು ನಾಲೆಯಿಂದ 20 ಮಂದಿ ನೀರು ಪಡೆಯುತ್ತಾರೆ ಅಂದುಕೊಳ್ಳಿ. ಎಂಟು ಮಂದಿ ಹಕ್ಕು ಮಾರಿಬಿಟ್ಟರು. ನಾಲೆ ಮಾತ್ರ ಮೊದಲಿನಷ್ಟೇ ಉದ್ದ. ಹೂಳು ಅಷ್ಟೇ ತೆಗೆಯಬೇಕು, ತೂಬು ಅಷ್ಟೇ ರಿಪೇರಿ ಮಾಡಬೇಕು. ನೆಲಕ್ಕೆ ಇಂಗಿ ಹೋಗುವ ನೀರೂ ಹೆಚ್ಚುಕಡಿಮೆ ಅಷ್ಟೇ. ಈ ಖರ್ಚೆಲ್ಲ ಉಳಿದ 12 ಜನರ ಮೇಲೆ ಬೀಳುತ್ತದೆ. ಮಾರದೆ ಉಳಿದವನೇ ಜಾಸ್ತಿ ಕೊಡಬೇಕಾಗಿ ಬರುತ್ತದೆ, ಅವನ ತಪ್ಪೇನೂ ಇಲ್ಲದೆ. ಉತ್ತರ ವಿಕ್ಟೋರಿಯಾದ ನೀರಾವರಿ ಸೀಮೆಯಲ್ಲಿ ಈ ಸಮಸ್ಯೆ ದೊಡ್ಡದಾಯಿತು. ಅಲ್ಲಲ್ಲಿ ಒಬ್ಬೊಬ್ಬರು ಮಾರಿದಾಗ ಇಡೀ ಸೀಮೆ ತೂತು ಬಿದ್ದ ಕಂಬಳಿಯಂತಾಗುತ್ತದೆ. ಅದಕ್ಕಾಗಿ, ನಾಲೆ ಬಿಟ್ಟು ಹೋಗುವವರು ಒಂದು ದೊಡ್ಡ ಶುಲ್ಕ ಕಟ್ಟಿಯೇ ಹೋಗಬೇಕು ಎಂಬ ನಿಯಮ ತಂದರು. ಅದಕ್ಕಿಂತ ಒಳ್ಳೆಯ ದಾರಿ ಎಂದು ನನಗೆ ಅನಿಸುವುದು, ನಾಲೆಯ ಕೊನೆಯ ಭಾಗದವರೆಲ್ಲ ಒಟ್ಟಿಗೆ ಒಪ್ಪಿದರೆ ಆ ಭಾಗವನ್ನೇ ಮುಚ್ಚುವುದು. ಮಾತುಕತೆಗೆ ವರ್ಷಗಳು ಬೇಕು. ಆದರೆ ಉಳಿದವರ ಮೇಲೆ ಹೊರೆ ಬೀಳುವುದಿಲ್ಲ.

'ಹಕ್ಕನ್ನು ಕೊಳ್ಳುವುದೇ ಬೇಡ. ನಾಲೆಗೆ ಕಾಂಕ್ರೀಟ್ ಹಾಕಿ, ಹನಿ ನೀರಾವರಿ ಕೊಡಿ, ಉಳಿದ ನೀರನ್ನು ನದಿಗೆ ಬಿಡಿ. ಯಾರಿಗೂ ನಷ್ಟವಿಲ್ಲ' ಎಂಬ ವಾದವನ್ನು ನೀವೂ ಕೇಳಿರಬಹುದು. ಕೇಳಲು ಬಹಳ ಚೆನ್ನಾಗಿದೆ. ಇಡೀ ಸುಧಾರಣೆಗೆ ತೆಗೆದಿಟ್ಟ ಸುಮಾರು 1,300 ಕೋಟಿ ಡಾಲರಿನಲ್ಲಿ ದೊಡ್ಡ ಪಾಲು ಇಂಥ ಕಾಮಗಾರಿಗೇ ಹೋಯಿತು. 2015ರಲ್ಲಿ ಹಕ್ಕಿನ ಖರೀದಿಗೆ 1,500 ಗಿಗಾಲೀಟರಿನ ಮಿತಿಯನ್ನೂ ಹಾಕಿದರು. ಆದರೆ ಕಾಮಗಾರಿಯಿಂದ ಸಿಕ್ಕ ಒಂದು ಲೀಟರ್ ನೀರಿಗೆ ಆದ ಖರ್ಚು, ನೇರ ಖರೀದಿಯ ಎರಡು ಪಟ್ಟಿಗೂ ಜಾಸ್ತಿ.

ಖರ್ಚಾದರೂ ಇರಲಿ ಅನ್ನಬಹುದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹಳೆಯ ಪದ್ಧತಿಯಲ್ಲಿ ಗದ್ದೆಗೆ ಹಾಯಿಸಿದ ನೀರೆಲ್ಲ ಬೆಳೆ ಕುಡಿಯುತ್ತಿರಲಿಲ್ಲ. ಒಂದು ಪಾಲು ಬಸಿದು ಹಳ್ಳಕ್ಕೆ ಸೇರುತ್ತಿತ್ತು, ಒಂದು ಪಾಲು ಅಂತರ್ಜಲಕ್ಕೆ ಇಳಿಯುತ್ತಿತ್ತು. ಕೊನೆಗೆ ನದಿಗೇ ಹೋಗಿ, ಕೆಳಗಿನವರು ಅದನ್ನೇ ಮತ್ತೆ ಎತ್ತುತ್ತಿದ್ದರು. ಹನಿ ನೀರಾವರಿ ಹಾಕಿದಾಗ ಆ ಬಸಿಯುವ ನೀರು ನಿಲ್ಲುತ್ತದೆ. ರೈತನ ಕಣ್ಣಿಗೆ ಅದು ಉಳಿತಾಯ. ನದಿಯ ಲೆಕ್ಕದಲ್ಲಿ ಅದರಲ್ಲಿ ಒಂದು ಪಾಲು ಮೊದಲೇ ನದಿಯದಾಗಿತ್ತು. ಮೇಲಿಂದ, ಅಷ್ಟೇ ನೀರಿನಲ್ಲಿ ಇನ್ನೂ ಒಂದು ಎಕರೆ ಜಾಸ್ತಿ ಮಾಡಬಹುದು ಎಂದಾದಾಗ ರೈತ ಮಾಡುತ್ತಾನೆ. ಯಾರಾದರೂ ಮಾಡುತ್ತಾರೆ. ಬೆಳೆ ಕುಡಿಯುವ ಒಟ್ಟು ನೀರು ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಹನಿ ನೀರಾವರಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೊಳ್ಳದ ಮಟ್ಟದಲ್ಲಿ ಎಷ್ಟು ನೀರು ಆವಿಯಾಗಿ ಹೋಗುತ್ತಿದೆ ಎಂದು ಅಳೆಯದೆ, ಅದನ್ನು ನದಿಗೆ ಸಿಕ್ಕ ಉಳಿತಾಯ ಎಂದು ಬರೆದುಕೊಳ್ಳಬಾರದು.

ಹಾಗಾದರೆ ಮಾರಾಟಕ್ಕೆ ಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಅಲ್ಲೂ ಒಂದು ಎಚ್ಚರಿಕೆ ಇದೆ. 2009ಕ್ಕೆ ಮುಗಿದ ಆ ಬರದಲ್ಲಿ ಕೊಳ್ಳವನ್ನು ಕಾಪಾಡಿದ್ದು ಭತ್ತ ಮತ್ತು ಹತ್ತಿ. ಅವು ವಾರ್ಷಿಕ ಬೆಳೆಗಳು. ಈ ವರ್ಷ ನೀರಿಲ್ಲ ಅಂದರೆ ಬಿತ್ತದೆ ಇರಬಹುದು. ಒಂದು ರೀತಿಯಲ್ಲಿ ಅವು ಕೊಳ್ಳದ ಉಳಿತಾಯ ಖಾತೆ. ಮಾರುಕಟ್ಟೆ ಬಂದ ಮೇಲೆ ನೀರು ಬಾದಾಮಿಯ ಕಡೆ ಹರಿಯಿತು. ಮರ್ರೆ ನದಿಯ ಕೆಳಭಾಗದಲ್ಲಿ ಬಾದಾಮಿ ತೋಟಗಳು ಬೆಳೆಯುತ್ತಲೇ ಹೋದವು. ಮರಕ್ಕೆ ರಜೆ ಇಲ್ಲ, ಪ್ರತಿ ವರ್ಷ ನೀರು ಬೇಕೇ ಬೇಕು. ಇನ್ನೊಂದು ದೊಡ್ಡ ಬರ ಬಂದರೆ ಬಿಟ್ಟುಕೊಡುವವರು ಕಡಿಮೆ, ಕೇಳುವವರು ಜಾಸ್ತಿ. ಇಷ್ಟು ಸಾಲದು ಎಂಬಂತೆ, ಮೇಲಿನ ಅಣೆಕಟ್ಟುಗಳಿಂದ ಆ ತೋಟಗಳಿಗೆ ಹೋಗುವ ನೀರು ಬಾರ್ಮಾ ಎಂಬಲ್ಲಿ ನದಿಯ ಒಂದು ಇಕ್ಕಟ್ಟಾದ ಜಾಗ ದಾಟಬೇಕು. ಅಲ್ಲಿ ಹೆಚ್ಚು ಬಿಟ್ಟರೆ ಕಾಡಿಗೆ ನುಗ್ಗುತ್ತದೆ. ಕಾಗದದ ಮೇಲೆ ನೀರು ಕೊಂಡವನಿಗೆ, ಅದು ಬೇಸಿಗೆಯ ನಡುವೆ ತೋಟಕ್ಕೆ ಬಂದು ತಲುಪುತ್ತದೆ ಎಂಬ ಖಾತರಿ ಇಲ್ಲ.

ಮಿತಿ ಹಾಕದೆ ಇದ್ದಿದ್ದರೆ? ಈ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಮಿತಿಯ ಖರ್ಚು ಮಾತ್ರ ಎಲ್ಲರಿಗೂ ಕಾಣುತ್ತದೆ. ಬರದ ಕೊನೆಯಲ್ಲಿ, 2009ರಲ್ಲಿ, ನದಿಯ ತುದಿಯಲ್ಲಿರುವ ಅಲೆಕ್ಸಾಂಡ್ರಿನಾ ಸರೋವರದ ನೀರು ಸಮುದ್ರ ಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಕೆಳಗೆ ಇಳಿಯಿತು. ಗಾಳಿಗೆ ತೆರೆದುಕೊಂಡ ತಳದ ಮಣ್ಣು ಆಮ್ಲವಾಗತೊಡಗಿತು. ಸರೋವರದ ದಡದ ಹೈನುಗಾರರ ಪಂಪಿಗೆ ನೀರೇ ಎಟುಕಲಿಲ್ಲ. ಅವರೂ ರೈತರೇ. ಅಡಿಲೇಡ್ ನಗರ ಕುಡಿಯುವುದೂ ಇದೇ ನದಿಯ ನೀರನ್ನು, ಪೈಪಿನಲ್ಲಿ ತಂದು. ನದಿಯಲ್ಲಿ ಹರಿವು ಕಡಿಮೆಯಾದರೆ ಉಪ್ಪು ಸಮುದ್ರಕ್ಕೆ ಹೋಗದೆ ಉಳಿಯುತ್ತದೆ. ಅದು ದ್ರಾಕ್ಷಿಯ ಇಳುವರಿಯಿಂದ ಹಿಡಿದು ಮನೆಯ ಪೈಪಿನವರೆಗೆ ಎಲ್ಲವನ್ನೂ ತಿನ್ನುತ್ತದೆ. ಉತ್ತರದಲ್ಲಿ, ನೆರೆ ಬಂದು ಹೋದ ಮೇಲೆ ಚಿಗುರುವ ಹುಲ್ಲನ್ನು ನಂಬಿ ದನ ಸಾಕುವವರಿದ್ದಾರೆ. ಮೇಲಿನವರು ನೆರೆ ನೀರನ್ನು ಕಟ್ಟೆ ಹಾಕಿ ಹಿಡಿದುಕೊಂಡರೆ ಇವರ ಹುಲ್ಲುಗಾವಲು ಒಣಗುತ್ತದೆ. 'ನೀರಾವರಿಯ ನಷ್ಟ' ಎಂಬ ಲೆಕ್ಕದಲ್ಲಿ ಈ ದನ ಸಾಕುವವರು ಬರುವುದಿಲ್ಲ, ಯಾಕಂದರೆ ಇವರ ಬಳಿ ಪಂಪಿಲ್ಲ.

ನೀರಾವರಿ ರೈತನಿಗೂ ಮಿತಿಯಿಂದ ಲಾಭ ಇದೆ. 1995ಕ್ಕೆ ಮುಂಚೆ ಹೊಸಬರು ಬಂದು ಪಂಪು ಇಟ್ಟಂತೆಲ್ಲ ಹಳಬರ ಪಾಲು ತೆಳ್ಳಗಾಗುತ್ತಿತ್ತು. ಮಿತಿ ಬಂದದ್ದರಿಂದಲೇ ಹಕ್ಕಿಗೆ ಬೆಲೆ ಬಂತು. ಮುಗಿಯದ ನೀರಿಗೆ ಯಾರು ದುಡ್ಡು ಕೊಡುತ್ತಾರೆ, ಹೇಳಿ?

ಮರ್ರೆ-ಡಾರ್ಲಿಂಗ್‌ನಂತೆ ಹಲವು ರಾಜ್ಯಗಳು ಹಂಚಿಕೊಂಡ ನದಿಗೆ ಅಮೆರಿಕದ ಒಂದು ಉದಾಹರಣೆಯನ್ನೂ ಕೊಡಲೇಬೇಕು. ಕೊಲೊರಾಡೊ, ನೆಬ್ರಾಸ್ಕಾ, ಕನ್ಸಾಸ್ ಮೂರೂ ರಾಜ್ಯಗಳು ರಿಪಬ್ಲಿಕನ್ ನದಿಯನ್ನು 1943ರ ಒಪ್ಪಂದದಂತೆ ಹಂಚಿಕೊಳ್ಳುತ್ತವೆ. 2005-06ರಲ್ಲಿ ಮೇಲಿರುವ ನೆಬ್ರಾಸ್ಕಾ ತನ್ನ ಪಾಲಿಗಿಂತ ಶೇ 17ರಷ್ಟು ಜಾಸ್ತಿ ಬಳಸಿತು. ಕನ್ಸಾಸ್ ಕೋರ್ಟಿಗೆ ಹೋಯಿತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 37 ಲಕ್ಷ ಡಾಲರ್ ನಷ್ಟ ಪರಿಹಾರ ಕೊಡಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ, ಮೇಲೆ ಇನ್ನೂ 18 ಲಕ್ಷ ಡಾಲರ್ ಕೊಡಿಸಿತು. ಯಾಕೆ? ಅದೇ ನೀರಿನಿಂದ ನೆಬ್ರಾಸ್ಕಾದ ಹೊಲದಲ್ಲಿ ಬರುವ ಲಾಭ, ಕನ್ಸಾಸ್‌ನಲ್ಲಿ ಆಗುವ ನಷ್ಟಕ್ಕಿಂತ ಬಹಳ ದೊಡ್ಡದು. ಬರೀ ನಷ್ಟ ತುಂಬಿಕೊಡಿ ಅಂದರೆ ಒಪ್ಪಂದ ಮುರಿಯುವುದೇ ಲಾಭದ ವ್ಯಾಪಾರ ಆಗಿಬಿಡುತ್ತದೆ. ಹಾಗಾಗಿ ಲಾಭದಲ್ಲೂ ಒಂದು ಪಾಲು ಕಕ್ಕಿಸಿದರು. ಲಾಭ ಎಲ್ಲಿ ಜಾಸ್ತಿಯೋ ಅಲ್ಲೇ ನೀರು ಬಳಸಲಿ ಎನ್ನುವುದು ಅರ್ಥಶಾಸ್ತ್ರದ ಮಾತು, ಸರಿಯೇ. ಆದರೆ ಅದು ಒಪ್ಪಿಕೊಂಡು, ಬೆಲೆ ಕೊಟ್ಟು ಆಗಬೇಕು. ಮೇಲೆ ಇದ್ದೇನೆ ಎಂದು ತೆಗೆದುಕೊಳ್ಳುವುದಲ್ಲ.

ಮಿತಿ ಹೇಗಿರಬೇಕು ಎಂಬುದಕ್ಕೂ ಅದೇ ಕನ್ಸಾಸ್‌ನಲ್ಲಿ ಒಂದು ಒಳ್ಳೆಯ ಮಾದರಿ ಇದೆ. ವಾಯವ್ಯ ಭಾಗದ ಶೆರಿಡನ್ ಎಂಬಲ್ಲಿ ಅಂತರ್ಜಲ ಇಳಿಯುತ್ತಿತ್ತು. ರೈತರೇ ಸೇರಿ 2013ರಿಂದ ಐದು ವರ್ಷಕ್ಕೆ ಒಟ್ಟು 55 ಇಂಚು ನೀರು, ಅಂದರೆ ಹೊಲದ ಮೇಲೆ ಅಷ್ಟು ಎತ್ತರಕ್ಕೆ ನಿಲ್ಲುವಷ್ಟು ನೀರು, ಎಂದು ಮಿತಿ ಹಾಕಿಕೊಂಡರು. ವರ್ಷಕ್ಕೆ 11 ಇಂಚು ಎಂದು ಹೇಳಲಿಲ್ಲ, ಐದು ವರ್ಷಕ್ಕೆ 55 ಎಂದರು. ಮಳೆ ಬಂದ ವರ್ಷ ಉಳಿಸಿ, ಬರದ ವರ್ಷ ಬಳಸಿಕೊಳ್ಳಬಹುದು. ಪಂಪ್ ಮಾಡುವುದು ಕಾಲು ಭಾಗಕ್ಕೂ ಹೆಚ್ಚು ಇಳಿಯಿತು. ಜೋಳ, ಗೋಧಿಯ ಕಡೆ ಸ್ವಲ್ಪ ತಿರುಗಿದರು, ಮೆಕ್ಕೆಜೋಳಕ್ಕೆ ನೋಡಿಕೊಂಡು ನೀರು ಬಿಟ್ಟರು. ಇಳುವರಿ ಸ್ವಲ್ಪ ಇಳಿದರೂ ವಿದ್ಯುತ್, ಗೊಬ್ಬರದ ಖರ್ಚು ಉಳಿದು, ಕೈಗೆ ಬರುವ ಆದಾಯ ಮಿತಿ ಇಲ್ಲದ ಪಕ್ಕದವರಿಗಿಂತ ಕಡಿಮೆಯಾಗಲಿಲ್ಲ. ಬಂಗಾಳದಿಂದ ಬ್ರೆಜಿಲ್‌ವರೆಗೆ ಎಲ್ಲ ಕಡೆಯೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಮಿತಿಯೊಳಗೆ ಹೊಂದಿಕೊಳ್ಳಲು ರೈತನಿಗೆ ಜಾಗ ಬಿಟ್ಟರೆ ಅವನು ಹೊಂದಿಕೊಳ್ಳುತ್ತಾನೆ. ಅಳತೆ ಮಾತ್ರ ಸರಿ ಇರಬೇಕು. ಮರ್ರೆ-ಡಾರ್ಲಿಂಗ್‌ನಲ್ಲಿ ಅದೇ ಸಡಿಲವಾಗಿತ್ತು. ಉತ್ತರದಲ್ಲಿ ನೀರು ಕದಿಯುತ್ತಿದ್ದಾರೆ ಎಂಬ ಆರೋಪವನ್ನು 2017ರಲ್ಲಿ ಒಂದು ಟಿವಿ ವರದಿ ಬಯಲಿಗೆ ತಂದ ಮೇಲೆಯೇ, ನ್ಯೂ ಸೌತ್ ವೇಲ್ಸ್ 2018ರಲ್ಲಿ ಪ್ರತ್ಯೇಕ ನಿಯಂತ್ರಣ ಸಂಸ್ಥೆ ಮಾಡಿತು. ಮೀಟರ್ ಇಲ್ಲದ ಕಡೆ ಮಿತಿ ಪಾಲಿಸುವವನು ಮಾತ್ರ ಸೋಲುತ್ತಾನೆ.

ಯಾರನ್ನು ನಂಬಬೇಕು ಎಂದು ಕೇಳಿದ್ದಿರಿ. ಯಾರಾದರೂ ಅಂಕಿ ತೋರಿಸಿದರೆ ಮೂರು ವಿಷಯ ಕೇಳಿ ನೋಡಿ. ಅದು ಕೊಳ್ಳದ ಸರಾಸರಿಯೋ, ಊರಿನದೋ? ಬೆಳೆಯ ಮೌಲ್ಯವೋ, ಜನರ ಕೈಗೆ ಬಂದ ಆದಾಯವೋ? ಬರ, ಯಂತ್ರ, ಬೆಲೆಗಳ ಪ್ರಭಾವವನ್ನು ಬೇರೆ ಮಾಡಿದ್ದಾರೋ, ಇಲ್ಲವೋ? ಇಷ್ಟು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

2023ರಲ್ಲಿ ಅಲ್ಲಿನ ಸಂಸತ್ತು ಖರೀದಿಯ ಮೇಲಿದ್ದ 1,500 ಗಿಗಾಲೀಟರಿನ ಮಿತಿಯನ್ನು ತೆಗೆದುಹಾಕಿತು. ನದಿಗೆ ಇನ್ನೂ 450 ಗಿಗಾಲೀಟರ್ ತರಲು 2027ರ ಕೊನೆಯವರೆಗೆ ಗಡುವು ಕೊಟ್ಟಿತು. ಹಾಗಾಗಿ ಖರೀದಿ ಮತ್ತೆ ಶುರುವಾಯಿತು. ಮೊದಲ ಸುತ್ತಿನಲ್ಲಿ ಆದ ತಪ್ಪು ನೋಡಿ, ಪೆಟ್ಟು ಬೀಳುವ ಊರುಗಳಿಗೆಂದು 30 ಕೋಟಿ ಡಾಲರಿನ ನೆರವನ್ನೂ ಘೋಷಿಸಿದರು. ನದಿಗೆ ನೀರು ಬೇಕು ಎನ್ನುವವನು ನಾನು. ಆದರೆ ಊರಿಗೆ ಬೇರೆ ಕೆಲಸ ಹುಟ್ಟಿಸುವ ಹಣ ಖರೀದಿಗಿಂತ ಎರಡು ಮೂರು ವರ್ಷ ಮುಂಚೆಯೇ ಊರಿಗೆ ಬರಬೇಕಿತ್ತು. ಈಗ ಎರಡೂ ಒಟ್ಟಿಗೆ ನಡೆಯುತ್ತಿವೆ. ಆ 30 ಕೋಟಿಯಲ್ಲಿ ಎಷ್ಟು ಪಾಲು ಲಾರಿ ಓಡಿಸುವವರ, ಗಿರಣಿಯಲ್ಲಿ ದುಡಿಯುವವರ ಮನೆ ತಲುಪುತ್ತದೆ ಎನ್ನುವುದನ್ನು ನಾನು ವರ್ಷ ವರ್ಷವೂ ನೋಡುತ್ತಿರುತ್ತೇನೆ.